ಹನ್ನೊಂದೂ ಹತ್ತರ ಇಳತ

ಕರೆಂಟ್ ಬಿಲ್ಲಿನ ಹಿಂದ ನಕ್ಷೆ ಬರ್ದಕೊಟ್ಟಾಳ ಮೆಹಬೂಬಿ:
ಅಂಕೋಲಾ ದಾಟಿ, ಗೇರುಗಿಡದ ಎಡಕ್ಕ,
ಎರಡು ಬಂಡಿಗಲ್ಲಿನ ಬಗಲಾಗ ಅಂಗಳದಷ್ಟು ದಂಡಿ.
ಉಸುಕು ಕಮ್ಮಿ, ಬರೇ ಗುಂಡಗಲ್ಲು;
ಹೆಜ್ಜಿಗೊಮ್ಮೆ ಗೊಣಗ್ತಾವಂತ.
ಗಾಳಿಗೂ ಒಳಗ ಬರಾಕ ದಾರಿ ಸಿಗೂದಿಲ್ಲಂತ.

ನೀರು ಇಳದಾಗಷ್ಟ ಹೋಗಾಕ ಬರತೈತಿ. ಹನ್ನೊಂದೂ ಹತ್ತಕ್ಕ.
ಅಂದ್ರ ಹೊಸೂರ ಬಸ್‌ಸ್ಟ್ಯಾಂಡಿಗೆ ನಾಕೂವರಿಗೆ,
ಅಂದ್ರ ರೊಟ್ಟಿ ಇವತ್ತ ರಾತ್ರಿನ ಬಡೀಬೇಕು,
ಅಂದ್ರ ಮಷೀನ ಮ್ಯಾಲಿನ ಆರು ಜಂಪರು
ಗುರುವಾರ ಅಂತ ಸುಳ್ಳು ಹೇಳಬೇಕು.

‘ಕಲ್ಲು ನೋಡಾಕ ಅಷ್ಟು ದೂರ?’
ಅಂದು ಗ್ವಾಡಿ ಕಡೆ ಹೊರಳಿದ್ರು ಅತ್ತಿ.
ದೀಪ ಆರಿಸಿ ಭಾಳ ಹೊತ್ತಾದ ಮ್ಯಾಲೆ, ಕತ್ತಲಾಗ:

‘ಒಂದು ತಗೊಂಡ ಬಾ. ಅಂಗೈ ತುಂಬೂವಂಥಾದ್ದು.
ಸಮುದ್ರ ಎಷ್ಟು ತಿಕ್ಕೇತಿ, ನೋಡೂಣು.’