ಕಂಬ ಹನ್ನೊಂದು ನಲವತ್ತೇಳು

ಮೊದಲು ನನ್ನ ಕೈಯಲ್ಲೊಂದು ಬಿದಿರುಕೋಲಿತ್ತು,
ತುದಿಗೆ ಕೊಕ್ಕೆ. ಸೈಕಲ್ಲು. ಜೇಬಲ್ಲಿ ಎರಡು ಫ್ಯೂಸು.
ಆರೂವರೆಗೆ ಕ್ಯಾತಮಾರನಹಳ್ಳಿಯ ಮೊದಲ ಪೆಟ್ಟಿಗೆ,
ಏಳರೊಳಗೆ ಕೊನೆಯದು.
ಕೊಕ್ಕೆ ಸಿಕ್ಕಿಸಿ ಮೇಲಕ್ಕೆ ತಳ್ಳಿದರೆ
ಬೀದಿ ಒಂದು ಸಲ ಕೆಮ್ಮಿ ಎದ್ದು ಕೂರುತ್ತಿತ್ತು.

ಜಗಲಿಯ ಹೆಂಗಸರು ಮಾತು ನಿಲ್ಲಿಸಿ
ಬೆಳಕಿಗೆ ಕೈಮುಗಿದು ಕಣ್ಣಿಗೊತ್ತಿಕೊಳ್ಳುವರು.
ನಾನು ಕಂಬದ ಕೆಳಗೇ ನಿಂತಿರುತ್ತಿದ್ದೆನಲ್ಲ,
ಮುಗಿದ ಕೈಯೆಲ್ಲ ನನ್ನ ಕಡೆಗೇ.
ನನ್ನದಲ್ಲ ಎಂದು ಗೊತ್ತಿತ್ತು.
ಹಿಂದಕ್ಕೆ ಕೊಡಲಿಲ್ಲ.
ಇಪ್ಪತ್ತಾರು ವರ್ಷ ಉಂಡೆ.

ಈಗ ಮೂರನೇ ಮಹಡಿ, ತಣ್ಣನೆ ಕೋಣೆ,
ಗೋಡೆಯಗಲದ ಪರದೆಯಲ್ಲಿ ಮೈಸೂರು.
ಬೆಟ್ಟವಿಲ್ಲ, ಕೆರೆಯಿಲ್ಲ, ಮುದ್ದೆಯ ಹಬೆಯಿಲ್ಲ,
ಬರೀ ಚುಕ್ಕಿ.
ಚುಕ್ಕಿ ಇಟ್ಟು ಗೆರೆ ಎಳೆಯದೆ ಎದ್ದುಹೋದ ರಂಗೋಲಿ.
ಹೊತ್ತು ಮುಳುಗಿದ್ದು ಕಂಬಕ್ಕೇ ತಿಳಿಯುತ್ತದೆ.
ಬಲ್ಬು ಸತ್ತರೆ ತಾನೇ ಸುದ್ದಿ ಕಳಿಸುತ್ತದೆ,
ಸತ್ತವನೇ ತನ್ನ ತಿಥಿಯ ಕಾಗದ ಬರೆದಂತೆ.
ಹತ್ತೂವರೆಯ ಮೇಲೆ ಯಾರೂ ನಡೆಯದಿದ್ದರೆ
ನೂರಕ್ಕೆ ಮೂವತ್ತು. ಮಿಕ್ಕದ್ದು ಉಳಿತಾಯ.
ಯಾರಾದರೂ ಬಂದರೆ ಪೂರಾ ಬೆಳಗಿ
ಎಂಟು ನಿಮಿಷ ಕಾದು ಮತ್ತೆ ಕಣ್ಣು ಕಿರಿದು.

"ನಡೆಯುವವರನ್ನು ಗುರುತಿಸುತ್ತೆ, ಜವರಯ್ಯ,"
ಹೇಳಿಕೊಟ್ಟಳು ಇಂಜಿನಿಯರ್ ತನುಜಾ.
ಕೂತವರನ್ನು? ಅಂದೆ.
ನಕ್ಕಳು. ಅಷ್ಟು ಹೊತ್ತಲ್ಲಿ ಬೀದಿಯಲ್ಲಿ ಯಾರು ಕೂರುತ್ತಾರೆ?

ಆಷಾಢದಲ್ಲಿ ಶುರುವಾಯಿತು.
ಹನ್ನೊಂದು ನಲವತ್ತೇಳರ ಕೆಳಗೆ ಯಾರೋ ನಡೆಯುತ್ತಾರೆ,
ಎಂಟು ನಿಮಿಷಕ್ಕೊಮ್ಮೆ, ರಾತ್ರಿ ಎರಡರವರೆಗೆ.
ಹಿಂದಿನ ಕಂಬ ಅವರನ್ನು ಕಂಡಿಲ್ಲ,
ಮುಂದಿನದೂ ಕಂಡಿಲ್ಲ.
ಬಂದದ್ದೆಲ್ಲಿಂದ, ಹೋದದ್ದೆಲ್ಲಿಗೆ?
ದೆವ್ವ ಕಣಣ್ಣ, ಅಂದ ವಾಚ್‌ಮನ್, ಫ್ಲಾಸ್ಕಿನ ಟೀ ಬಗ್ಗಿಸುತ್ತ,
ದೆವ್ವಕ್ಕೂ ಎಷ್ಟು ಶಿಸ್ತು ನೋಡು.

ಸೈಕಲ್ಲಿಗೆ ಗಾಳಿ ಹೊಡೆಸಿ ಹೋದೆ.
ಎದುರು ಗೋಡೆಗೊರಗಿ ಅಲುಗದೆ ನಿಂತೆ.

ಜಗಲಿಯ ಮೇಲೆ ಮಣೆ, ಮಣೆಯ ಮುಂದೆ ಹೆಂಗಸು,
ಮೊಣಕೈತನಕ ಇದ್ದಿಲ ಕಪ್ಪು.
ಕಡ್ಡಿ ಇಟ್ಟು, ಹಿಟ್ಟು ಮೆತ್ತಿ, ಅಂಗೈಲೊಂದು ಉರುಳು,
ಊದುಬತ್ತಿ, ಸಾವಿರಕ್ಕಿಷ್ಟು ಅಂತ ಕೂಲಿ.
ಒಳಗೆ ಹತ್ತಡಿ ಕೋಣೆ, ಸಾಲಾಗಿ ಮಲಗಿದ ಐವರು,
ಅಲ್ಲಿ ದೀಪ ಹಾಕಿದರೆ ಕೂಸು ಏಳುತ್ತದೆ.
ಅವಳ ಬಲಗಾಲ ಹೆಬ್ಬೆರಳಿಗೊಂದು ದಾರ,
ದಾರದ ಇನ್ನೊಂದು ತುದಿ ಆಚೆಮನೆ ಕಿಟಕಿಯ ಸರಳಿಗೆ,
ನಡುವೆ ಜೋತುಬಿದ್ದ ಗಂಡನ ಹಳೆ ಅಂಗಿ.

ಬೆಳಕು ಕುಗ್ಗಿತು.
ಕೈ ನಿಲ್ಲಲಿಲ್ಲ, ಕಣ್ಣು ಏಳಲಿಲ್ಲ,
ಹೆಬ್ಬೆರಳು ಮಾತ್ರ ಜಗ್ಗಿತು.
ಅಂಗಿ ಗಾಳಿಯಲ್ಲಿ ನಾಲ್ಕು ಹೆಜ್ಜೆ ನಡೆಯಿತು.
ಕಂಬ ನಂಬಿತು.

ಕೆಮ್ಮಿದೆ. ನನ್ನ ಖಾಕಿ ಕಂಡು ಬೆಚ್ಚಿದಳು ಚೆನ್ನಾಜಮ್ಮ:
"ಲೈಟ್ ರಿಪೇರಿಗಾ ಸ್ವಾಮಿ? ಬ್ಯಾಡ,
ಸರ್‍ಯಾಗೇ ಐತೆ. ಮುಟ್‌ಬ್ಯಾಡಿ."

ವಾಪಸು ಬಂದು ಕೂತರೆ ಪರದೆ ಕಾರಣ ಕೇಳಿತು.
ನಾಯಿ, ಗಾಳಿ, ಕೊಂಬೆ, ಯಂತ್ರದೋಷ.
ನಾಲ್ಕರಲ್ಲಿ ಒಂದನ್ನು ಒತ್ತಬೇಕು.
ಹೆಬ್ಬೆರಳು ಇರಲಿಲ್ಲ.
ಕೊಂಬೆ ಒತ್ತಿದೆ.

ಒತ್ತಿದ್ದು ಎಲ್ಲೆಲ್ಲಿಗೆ ಮುಟ್ಟುತ್ತದೋ ಯಾರು ಬಲ್ಲರು.
ಗುರುವಾರ ಏಣಿ, ಗರಗಸ, ಇಬ್ಬರು ಆಳು
ಮರವೇ ಇಲ್ಲದ ಓಣಿಯಲ್ಲಿ ನಿಂತು
ಕೊಂಬೆ ಎಲ್ಲಿ ಎಂದು ಕೇಳಿದರಂತೆ.
ನೀರು ಕೊಟ್ಟಳಂತೆ, ತಲಾ ಒಂದು ಕಟ್ಟು ಊದುಬತ್ತಿ.
ಕುಡಿದು, ಬಾಯೊರೆಸಿ,
"ಕೊಂಬೆ ಕಡಿಯಲಾಗಿದೆ" ಎಂದು ಬರೆದು ಹೋದರು.

ಇವತ್ತು ಹನ್ನೊಂದೂ ಹತ್ತು.
ಚುಕ್ಕಿ ಕುಗ್ಗಿತು.
ನಾನು ಕುರ್ಚಿಯ ತುದಿಗೆ ಬಂದೆ.
ಹಿಗ್ಗಿತು.
ಎರಡೂ ಕೈ ತಾವಾಗಿ ಕೂಡಿದವು.
ತನುಜಾ ತಿರುಗಿ ನೋಡಿದಳು.
ಸೊಳ್ಳೆ, ಅಂದೆ.