ಗಲ್ಲಕ್ಕ ಹದಿನೇಳು

ಸಪ್ತಾಪುರದಾಗ ನನ್ನ ಖಾನಾವಳಿ.
ಆರು ಟೇಬಲ್ಲು, ಎರಡು ಹಂಚು, ಒಂದು ಉದ್ರಿ ವಹಿ.
ಉಣ್ಣಾಕ ಬರೋರೆಲ್ಲಾ ಪಿಎಸ್‌ಐ ಆಗೋರು, ಪಿಡಿಓ ಆಗೋರು,
ಐದು ವರ್ಷದಿಂದ ಆಗಾಕ ಹತ್ಯಾರ.
ಅವರು ಎದ್ದು ಹೋದ ಮ್ಯಾಲೆ ಬೆಂಚಿನ ತೆಳಗ ಕಸ ಹೊಡದ್ರ
ರೊಟ್ಟಿ ಚೂರಿಗಿಂತ ಖಾಲಿ ರೀಫಿಲ್ಲೇ ಹೆಚ್ಚು.

ಅವರೊಳಗೊಬ್ಬಾಂವ ಫಕ್ಕೀರೇಶ ಬಟ್ಟೂರ.
ಶಿರಹಟ್ಟಿ ಕಡಿಯಾಂವ, ಎಡಚ.
ಬಲಗೈಲೆ ಉಣ್ಣಾಂವ, ಎಡಗೈಲೆ ಚಿತ್ರ ಬರಿಯಾಂವ,
ಎರಡೂ ಒಮ್ಮೆಲೇ.
ಅಂಗೈ ಅಂಚು ಯಾವಾಗ ನೋಡಿದ್ರೂ ನೀಲಿ,
ಬರದದ್ದನ್ನ ತನ್ನ ಕೈಲೆ ತಾನ ಒರಸ್ಕೊಂತ ಹೋಗಾಂವ.

ಪೆನ್ಸಿಲ್ ಯಾಕ ಒಲ್ಲಿಪಾ, ಅಂದೆ.
ಅಳಸಾಕ ಬರತೈತಲ್ಲಕ್ಕಾ, ಅದಕ್ಕ ಒಲ್ಲೆ.
ಬಾಲ್‌ಪೆನ್ನಿಗೆ ಹಿಂದಕ್ಕ ಹೋಗೂ ದಾರಿ ಇಲ್ಲ,
ಬಿಳಿ ಅನ್ನೂದಂತೂ ಇಲ್ಲವ ಇಲ್ಲ.
ಬೆಳಕು ಬೇಕಂದ್ರ ಆ ಜಾಗಾ ಬಿಟ್ಟು ಹೋಗಬೇಕು,
ನೀ ಮೊದಲನೇ ರೊಟ್ಟಿ ಯಾರಿಗೂ ಕೊಡದ ತಗದಿಡ್ತಿಯಲ್ಲಾ, ಹಂಗ.

ಪೆನ್ನು ತೀರಿದ ದಿನ ತಾಟಿಗೆ ಕೈ ಹಾಕಾಂವ.
ಚಹಾದ ಚರಟ ಒತ್ತಿ ನೆರಳು,
ಝುಣಕದ ಅರಿಷಿಣಲೆ ಬಿಸಿಲು,
ಬ್ಯಾಡಗಿ ಖಾರ ಎಣ್ಣ್ಯಾಗ ಕಲಸಿ ಯಾರದೋ ತುಟಿ.
ಒಮ್ಮೆ ಗುರೆಳ್ಳ ಹಿಂಡಿಲೇ
ನೀರಿನ ಗಾಡಿ ಮಲಿಕ್‌ಸಾಬನ ಹುಬ್ಬು ಹಚ್ಚಿದ್ದ.
ಬೆಳಗಾಗೂದ್ರಾಗ ಇರಿವಿ ಹೊತ್ತುಕೊಂಡು ಹೋಗಿದ್ದವು.
ಮಲಿಕ್‌ಸಾಬ ಇಡೀ ದಿನ
ತನ್ನ ಹುಬ್ಬು ಮುಟ್ಟಿ ಮುಟ್ಟಿ ನೋಡ್ಕೊಂಡ.

ಒಂದು ಐತವಾರ ಕ್ಲಾಸಿನ್ಯಾಗ ಅಣಕು ಪರೀಕ್ಷೆ.
ನೂರು ಪ್ರಶ್ನಿ, ಒಂದೊಂದಕ್ಕ ನಾಕು ಸುತ್ತು.
ನೀಲಿ ಅಥವಾ ಕಪ್ಪು ಬಾಲ್‌ಪೆನ್ ಮಾತ್ರ ಬಳಸತಕ್ಕದ್ದು
ಅಂತ ಸರಕಾರದ ಭಾಷಾದಾಗ ಮ್ಯಾಲೆ ಅಚ್ಚಾಗಿರತೈತಿ.
ಇಂವ ಅದೊಂದನ್ನ ಪಾಲಿಸಿದ.
ಪ್ರಶ್ನಿ ಓದಲಿಲ್ಲ.
ಕೂದಲ ಬಂದಲ್ಲಿ ನಾಕೂ ಸುತ್ತು ತುಂಬಿದ,
ಗಲ್ಲ ಬಂದಲ್ಲಿ ಒಂದೊಂದ,
ಹಣಿ ಬಂದಲ್ಲಿ ಸುಮ್ಮನ ಕುಂತ.

ಸಂಜಿಗೆ ತಂದು ಗಲ್ಲಾಪೆಟಗಿ ಮ್ಯಾಲೆ ಇಟ್ಟ.
ಹತ್ರದಿಂದ ನೋಡಿದ್ರ ಸಿಡಿ ಹಾರಿದ ಹಾಳಿ.
ದೂರ ಹಿಡದೆ.
ನಾನು.

ಮಶೀನಿಗೆ ಹಾಕಿದ್ರಕ್ಕಾ, ಅಂದ,
ನಿನಗ ಹದಿನೇಳು ಮಾರ್ಕು ಬಂದಾವು.
ಕೂದಲಕ್ಕ ಸೊನ್ನಿ.
ಹದಿನೇಳೂ ಗಲ್ಲದ್ದು.

ಇಪ್ಪತ್ತಾರು ವರ್ಷ ಹಂಚಿನ ಉರಿಗೆ ಕುಂತ ಗಲ್ಲ,
ಯಾರೂ ಇದನ್ನ ತಿದ್ದಿ ಮಾರ್ಕು ಕೊಟ್ಟಿರಲಿಲ್ಲ.
ಕಣ್ಣಾಗ ನೀರು ಬರೂಮಟ ನಕ್ಕೆ.
ಹಂಗಂತ ಉದ್ರಿ ಹೊಡದು ಹಾಕಲಿಲ್ಲ ಮತ್ತ,
ಲೆಕ್ಕಂದ್ರ ಲೆಕ್ಕ.

ಪಿಎಸ್‌ಐ ಆಗಲಿಲ್ಲ ಅಂವ.
ಅಣ್ಣಿಗೇರಿಯೊಳಗ ಬಾಂಡ್ ಬರಕೊಡ್ತಾನಂತ,
ಅಲ್ಲೂ ಬಾಲ್‌ಪೆನ್ನ, ಅಲ್ಲೂ ಅಳಸಂಗಿಲ್ಲ.

ಬಿಸಿಲಿಗೆ ಇಡಬ್ಯಾಡ, ಶಾಯಿ ಹಾರತೈತಿ ಅಂದಿದ್ದ.
ಬಿಸಿಲಿಗೆ ಇಡಲಿಲ್ಲ. ಒಲಿ ಮ್ಯಾಲಿನ ಗ್ವಾಡಿಗೆ ಹಚ್ಚಿದೆ,
ನನ್ನ ಕಣ್ಣು ಬೀಳೂದ ಅಲ್ಲಿ.
ನೀಲಿ ಜಾಂಬಳಿ ಆತು, ಜಾಂಬಳಿ ಬೂದಿ ಆತು.
ಮೊದಲ ಕಣ್ಣು ಹೋದವು, ಆಮ್ಯಾಲೆ ಮೂಗು.
ಅಚ್ಚಿನ ಸುತ್ತು ಮಾತ್ರ ಹಂಗ ಅದಾವು, ಖಾಲಿ,
ಇನ್ನೊಮ್ಮೆ ಯಾರಾದ್ರೂ ಪರೀಕ್ಷೆ ಬರೀಬಹುದು ಅನ್ನೂ ಹಂಗ.

ಆದ್ರ ಕೈ ಭಾರ ಇತ್ತು ಆ ಹುಡುಗಂದು.
ರಾತ್ರಿ ಹಂಚು ಆರಿದ ಮ್ಯಾಲೆ
ಮಳಿ ಸಡ್ಲ ಮಾಡಿ ಹಾಳಿ ತಗೀತೀನಿ,
ಬೆನ್ನ ಮ್ಯಾಲೆ ಹೆಬ್ಬಟ್ಟು ಆಡಸ್ತೀನಿ.
ಬೆವರಸಾಲಿ ಎದ್ದಂಗ ಸಣ್ಣ ಸಣ್ಣ ಗುಳ್ಳಿ.
ಇಲ್ಲಿ ಕೂದಲ, ಒತ್ತಾಗಿ.
ಇಲ್ಲಿ ಗಲ್ಲ.
ಹಣಿ ನುಣ್ಣಗ.

ಹೆಬ್ಬಟ್ಟಿನ ಜ್ವಾಳದ ಹಿಟ್ಟು ಅಲ್ಲೆ ಹತ್ತೈತಿ.
ಒರಸಾಕ ಹೋಗಿಲ್ಲ.