ಕೈಲೆ ಎರಡು ಸುತ್ತು

ಪೋರ್ಟ್ ಆಗಸ್ಟಾ ದಾಟಿ ನಲವತ್ತು ಕಿಲೋಮೀಟರು,
ಎಡಕ್ಕೆ ಉಪ್ಪುಗಿಡ, ಬಲಕ್ಕೆ ಉಪ್ಪುಗಿಡ.
ಸದ್ದೇನೂ ದೊಡ್ಡದಲ್ಲ, ಯಾರೋ ಒಮ್ಮೆ
ನಾಲಗೆ ಲೊಚಗುಟ್ಟಿದ ಹಾಗೆ.
ಆಮೇಲೆ ಬರೀ ಗಾಳಿ.
ಹಿಂದಿನ ಸೀಟಿನಿಂದ ಅತ್ತೆ ಹೇಳಿದರು:
"ಪಟ್ಟಾ ಹರೀತು."
ನಾನಿನ್ನೂ ಬಾನೆಟ್ ಎತ್ತಿರಲಿಲ್ಲ.

ವೈಯಲ್ಲಾದ ಮೆಕ್ಯಾನಿಕ್ ಕವರು ಬಿಚ್ಚಿ ಇಣುಕಿ
ಪಂಚಾಂಗ ನೋಡಿದವನಂತೆ ತಲೆಯಾಡಿಸಿದ:
ಬೆಲ್ಟು ಹೋದರೆ ಹೋಗಲಿ, ವಾಲ್ವುಗಳು ಪಿಸ್ಟನ್ನಿಗೆ ಬಡಿದಿವೆ,
ರಿಪೇರಿಯ ದುಡ್ಡಿಗೆ ಇಂಥವೇ ಎರಡು ಕಾರು ಬರುತ್ತವೆ,
ಗುಜರಿಗಾದರೆ ಇನ್ನೂರು ಡಾಲರು.
ನಾನು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವನು.
ಅವನ ಲೆಕ್ಕ ಸರಿಯಾಗಿತ್ತು.
ಆದರೂ ಮನೆಗೆ ಎಳೆಸಿಕೊಂಡು ಬಂದೆ.

ಷೆಡ್ಡಿನಲ್ಲಿ ನಲವತ್ತೊಂದು ಡಿಗ್ರಿ.
ಪಕ್ಕದ ಮನೆಯ ದ್ರಾಗೊ, ಉಕ್ಕಿನ ಕಾರ್ಖಾನೆಯಲ್ಲಿ
ಮೂವತ್ತು ವರ್ಷ ಕ್ರೇನು ನಡೆಸಿದವ,
ಬೇಲಿಯ ಮೇಲಿಂದ ಟಾರ್ಕ್ ವ್ರೆಂಚು ದಾಟಿಸಿ
ಇದು ಬಿದ್ದರೆ ನೀನೂ ಬೀಳುತ್ತೀ ಎಂದ.
ಬೋಲ್ಟುಗಳನ್ನು ಐಸ್ ಟ್ರೇಯ ಗುಣಿಗಳಲ್ಲಿಟ್ಟೆ,
ಬಿಚ್ಚಿದ ಕ್ರಮದಲ್ಲೇ.
ರಾತ್ರಿಪಾಳಿ ಮುಗಿಸಿ ಬಂದ ಶಿವಲೀಲಾ
ತಣ್ಣೀರಿಗೆ ಐಸು ಹುಡುಕಿ
ಏನೂ ಅನ್ನದೆ ಮಲಗಲು ಹೋದಳು.

ಹದಿನಾರರಲ್ಲಿ ಎಂಟು ವಾಲ್ವು ಬಾಗಿದ್ದವು.
ಮೇಜಿನ ಗಾಜಿನ ಮೇಲೆ ಉರುಳಿಸಿದೆ:
ನೆಟ್ಟಗಿದ್ದದ್ದು ಸುಮ್ಮನೆ ಉರುಳುತ್ತದೆ,
ಬಾಗಿದ್ದು ಕುಂಟುತ್ತದೆ.
ಹೆಡ್ಡನ್ನು ಕೌದಿಯಲ್ಲಿ ಸುತ್ತಿ
ಅಡಿಲೇಡಿನ ಬಸ್ಸಿಗೆ ಹಾಕಿದೆ.
ಅತ್ತೆ ಕೇಳಿದ್ದು ಒಂದೇ:
"ಕೌದಿ ತಿರುಗಿ ಬರ್ತೈತೇನು?"

ಬಂತು, ಮೂರನೇ ವಾರ,
ಅಂಗೈಯಗಲ ಎಣ್ಣೆ ಕಲೆಯ ಸಮೇತ.

ಅತ್ತೆ ನೀಲಗಂಗವ್ವ ರಾಣೆಬೆನ್ನೂರಲ್ಲಿ
ಇಪ್ಪತ್ತಾರು ವರ್ಷ ಹಿಟ್ಟಿನ ಗಿರಣಿ ನಡೆಸಿದವರು.
ಯಾರದೋ ವಿಳಾಸ ಗೊತ್ತಿರುವ ಹಾಗೆ
ನನಗದು ಗೊತ್ತಿತ್ತು.
ಖಾರಕ್ಕೆ ಬೇರೆ ಕಲ್ಲು, ಜೋಳಕ್ಕೆ ಬೇರೆ,
ಪಟ್ಟಾ ಜಾರಿದರೆ ರಾಳ ಸವರಬೇಕು,
ಮಳೆಗಾಲದಲ್ಲಿ ಅದು ಹಿಗ್ಗುತ್ತದೆ, ನಂಬಬಾರದು:
ಇವೆಲ್ಲ ಷೆಡ್ಡಿನ ಬಾಗಿಲಲ್ಲಿ
ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹೇಳಿದ್ದು,
ನನಗಲ್ಲ, ಎಂಜಿನ್ನಿಗೆ ಅನ್ನುವ ಹಾಗೆ.

ಹೊಸ ಬೆಲ್ಟು ಹಾಕಿದೆ. ಮೇಲಿನ ಚಕ್ರ ಗುರುತಿಗೆ,
ಕೆಳಗಿನದು ಗುರುತಿಗೆ. ಟೆನ್ಷನರ್ ಬಿಗಿದೆ.
ಬ್ಯಾಟರಿ ಜೋಡಿಸಿ ಕೀಲಿಕೈ ಹಿಡಿದೆ.
"ತಡೀರಿ."
ಎದ್ದು ಬಂದರು.
"ಮೊದಲ ಕೈಲೆ ಎರಡು ಸುತ್ತು ತಿರುವ್ರಿ.
ಕರೆಂಟಿಗೆ ಕಣ್ಣಿಲ್ಲ."
ಬೆಲ್ಟಿನ ಕಡೆ ಬೆರಳು ಮಾಡಿದರು.
ತೋರುಬೆರಳು ಮೊದಲ ಗೆಣ್ಣಿಗೇ ಮುಗಿದಿತ್ತು.
ಹನ್ನೊಂದು ವರ್ಷದ ಅಳಿಯ ನಾನು,
ಆ ಕೈ ತಟ್ಟಿದ ರೊಟ್ಟಿ ಎಷ್ಟು ತಿಂದಿದ್ದೇನೆ!
ಕೇಳಿರಲಿಲ್ಲ. ಈಗ ಕೇಳಿದೆ.
"ಹಬ್ಬದ ಹಿಂದಿನ ದಿನ. ಗಿರಾಕಿ ಗದ್ಲ.
ನಾ ಅವಸರ ಮಾಡಿದೆ," ಅಂದರು.
ಅಷ್ಟೇ.

ಉದ್ದ ಹಿಡಿಯ ಸ್ಪ್ಯಾನರು ಹಾಕಿ, ಉಸಿರು ಕಟ್ಟಿ
ಒಂದು ಸುತ್ತು. ಎರಡು.
ಕೆಳಗಿನ ಗುರುತು ಬಂದು ಕೂತಿತು.
ಮೇಲಿನದು ಒಂದು ಹಲ್ಲು ಆಚೆ.
ಅತ್ತೆ ನಗಲಿಲ್ಲ. ಹೋಗಿ ಕುರ್ಚಿಯಲ್ಲಿ ಕೂತು
ಮೊಣಕಾಲು ಒತ್ತಿಕೊಂಡರು.
ಬಿಚ್ಚಿದೆ. ಕೂಡಿಸಿದೆ. ಮತ್ತೆ ಎರಡು ಸುತ್ತು.

ಸಂಜೆ ಎಂಜಿನ್ನು ಕೆಮ್ಮಿ, ಹೊಗೆ ಉಗುಳಿ,
ನಿಂತು, ಮತ್ತೆ ಹತ್ತಿಕೊಂಡಿತು.
ದ್ರಾಗೊ ಬೇಲಿಯ ತಗಡು ಬಡಿದ.
ಶಿವಲೀಲಾ ನಿದ್ದೆಗಣ್ಣಲ್ಲಿ ಬಾಗಿಲಿಗೆ ಬಂದಳು.
ನಾನು ಅತ್ತೆಯ ಮುಖ ನೋಡಿದೆ.
ಸೆರಗು ಕಿವಿಯ ಹಿಂದೆ ಸರಿಸಿ
ತಲೆ ವಾಲಿಸಿ ಕೇಳುತ್ತಿದ್ದರು,
ಆ ಸದ್ದಿನೊಳಗೆ ಇನ್ನೊಂದು ಸದ್ದು.
"ಸಣ್ಣಗೆ ಅಳ್ತೈತಿ. ಬಿಗಿ ಜಾಸ್ತಿ ಆತು,
ಒಂದೀಟು ಸಡ್ಲ ಬಿಡ್ರಿ."

ನನಗೇನೂ ಕೇಳಲಿಲ್ಲ.
ಆರಿಸಿದೆ.
ಹನ್ನೆರಡರ ಸ್ಪ್ಯಾನರಿಗೆ ತಡಕಾಡಿದೆ.
ಅದು ಆಗಲೇ ಅವರ ಕೈಯಲ್ಲಿತ್ತು.